ಬೇಡ ಅಂದ ಚಾ

ಗಂಡ-ಹೆಂಡಿರ ಜಗಳಕ್ಕೆ ಸಂಧಾನ ಮಾಡುವ ಚಂದನಾ ತಿಂಗಳಿಗೊಮ್ಮೆ ಹೊನ್ನಾವರಕ್ಕೆ ಬಂದು, ಹಿರಿಯ ಸಂಧಾನಗಾರ್ತಿ ಹೇಮಕ್ಕನ ಮುಂದೆ ತನ್ನ ಕೆಲಸವನ್ನೆಲ್ಲ ಬಿಚ್ಚಿಡಬೇಕಿತ್ತು. ಇವತ್ತಂತೂ ಅವಳಿಗೆ ತಲೆ ಕೆಟ್ಟುಹೋಗಿತ್ತು.

“ಮಾವಿನಕುರ್ವೆಯ ಆ ದೇವು ಬಾಯೇ ಬಿಡೂದಿಲ್ಲ, ಹೇಮಕ್ಕ! ಹೆಂಡ್ತಿ ಸುಬ್ಬಿ ಎಲ್ಲಾ ಹೇಳ್ತಾಳೆ, ಇವ ಕಲ್ಲಿನ ಹಾಗೆ ಕೂತಿರ್ತಾನೆ. ನಾ ಯಾರ ಪರವೂ ಅಲ್ಲ ಅಂತ ಹೇಳಿ ಹೇಳಿ ಗಂಟಲು ಒಣಗಿಹೋತು.”

“ಮೊದಲ ದಿನ ಇಬ್ಬರ ಮನೆಗೂ ಹೋಗಿದ್ಯಲ್ಲ, ಸುಬ್ಬಿ ತವರಲ್ಲಿ ಎಂತ ಕೊಟ್ರು?”

ಇದೆಂಥ ಪ್ರಶ್ನೆ ಎಂದು ಚಂದನಾಗೆ ರೇಗಿತು. “ಮೀನುಸಾರು, ಅನ್ನ. ಹೊಟ್ಟೆ ತುಂಬ ಉಂಡೆ. ಅದಕ್ಕೂ ಇದಕ್ಕೂ ಎಂತ ಸಂಬಂಧ?”

“ಆಮೇಲೆ ದೇವು ಮನೇಲಿ?”

“ಅವನ ಅವ್ವಿ ಚಾ ತಂದಿದ್ರು. ಬೇಡ ಅಂದೆ. ಹೊಟ್ಟೆ ತುಂಬಿತ್ತಲ್ಲ, ಸುಬ್ಬಿ ಮನೇಲಿ...”

ಅಷ್ಟು ಹೇಳಿದವಳು ತಟ್ಟನೆ ಎದ್ದು ಚೀಲ ಹೆಗಲಿಗೇರಿಸಿದಳು. “ದೇವು ಮನೆಗೆ ಹೋಗಿ ಆ ಚಾ ಕುಡಿದು ಬರ್ತೆ, ಹೇಮಕ್ಕ.”