ಟೈಲರ್ ಅಳತೆ ತೆಗೆಯುವುದನ್ನೇ ಬಿಟ್ಟಿದ್ದ

ನಮ್ಮ ಬೀದಿಯ ಟೈಲರ್ ಎರಡು ತಿಂಗಳಿಂದ ಯಾರ ಅಳತೆಯನ್ನೂ ತೆಗೆಯುತ್ತಿರಲಿಲ್ಲ. "ಹಳೇ ಅಂಗಿ ತಂದ್ಕೊಡಿ, ಅದನ್ನೇ ನೋಡಿ ಹೊಲಿತೀನಿ" ಎನ್ನುತ್ತಿದ್ದ. ಹಳೇ ಅಂಗಿ ಹೊಲಿಸಿದಾಗಿನ ಹೊಟ್ಟೆ ಈಗಲೂ ಅಷ್ಟೇ ಇರುತ್ತದೆಯೇ? ನನ್ನ ಅಂಗಿಯದೇ ಎರಡು ಗುಂಡಿ ಹಾರಿದವು.

ಕಾರಣವನ್ನು ಆಮೇಲೆ ಅವನೇ ಹೇಳಿದ. ರಕ್ತ ಪರೀಕ್ಷೆಯಲ್ಲಿ ಅವನಿಗೆ ಹೆಪಟೈಟಿಸ್ ಬಿ, ಅಂದರೆ ಯಕೃತ್ತಿನ ಬಹುಕಾಲದ ಸೋಂಕು ಇದೆ ಎಂದು ಗೊತ್ತಾಗಿತ್ತು. ಮುಟ್ಟಿದರೆ ಅಂಟುತ್ತದೆ ಎಂದು ತಾನೇ ತೀರ್ಮಾನಿಸಿಬಿಟ್ಟಿದ್ದ. ಮೂರು ವರ್ಷದ ಮಗಳನ್ನೂ ಎತ್ತಿಕೊಳ್ಳುತ್ತಿರಲಿಲ್ಲ. ಕೊನೆಗೆ ಸೋಂಕು ಹತೋಟಿಯಲ್ಲಿಡಲು ಡಾಕ್ಟರು ಕೊಟ್ಟಿದ್ದ ಮಾತ್ರೆಯನ್ನೂ ನಿಲ್ಲಿಸಿದ. ಒಂದು ವಾರ ನೋಡಿದ ಹೆಂಡತಿ, ಮಗಳನ್ನು ಎತ್ತಿಕೊಂಡು, ಆಸ್ಪತ್ರೆಯಲ್ಲಿ ಆಪ್ತಸಮಾಲೋಚಕಿಯಾಗಿದ್ದ ತನ್ನ ಅಕ್ಕನನ್ನು ಅಂಗಡಿಗೇ ಕರೆತಂದಳು.

"ಮಾತ್ರೆ ಯಾಕಪ್ಪಾ ಬಿಟ್ಟೆ?" ಎಂದಳು ಅಕ್ಕ.

"ನಂದು ಮುಗೀತಲ್ಲ ಅತ್ತಿಗೆ. ನುಂಗಿ ಏನ್ ಮಾಡ್ಲಿ?"

"ಮುಗೀತು ಅಂತ ಡಾಕ್ಟರು ಹೇಳಿದ್ರಾ?"

"ಇಲ್ಲ. ಮಾತ್ರೆ ತಪ್ಪಿಸ್ಬೇಡ ಅಂದ್ರು."

"ಮತ್ತೆ ಹೇಳಿದ್ಯಾರು?"

"ನನ್ ತಲೆ."

"ಹಾಗಾದ್ರೆ ಆ ತಲೇನ ಸ್ವಲ್ಪ ವಿಚಾರಿಸ್ಕೊಳ್ಳೋಣ."

ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅವನ ಸೀಮೆಸುಣ್ಣದಿಂದಲೇ ಗೆರೆ ಎಳೆಸಿದಳು. ಎಡಕ್ಕೆ ತಲೆ ಹೇಳುವುದು, ಬಲಕ್ಕೆ ನಿಜವಾಗಿ ಗೊತ್ತಿರುವುದು. 'ಮುಟ್ಟಿದ್ರೆ ಮಗಳಿಗೂ ಬರುತ್ತೆ' ಎಂದು ಎಡಕ್ಕೆ ಬರೆದ. ಬಲಕ್ಕೆ ಬರೆಯಲು ಏನೂ ಸಿಗಲಿಲ್ಲ.

"ನಾನ್ ಹೇಳ್ತೀನಿ, ಬರಿ. ಇದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಲಿ ತಾಯಿಯಿಂದ ಮಗುಗೆ ಹರಡುತ್ತೆ. ಮುಟ್ಟಿದ್ರೆ, ಒಟ್ಟಿಗೆ ಉಂಡ್ರೆ ಬರಲ್ಲ. ಬ್ಲೇಡು, ಬ್ರಷ್ಷು ಬೇರೆ ಇಟ್ಕೋ. ಸೂಜಿ ಚುಚ್ಚಿ ರಕ್ತ ಬಂದ್ರೆ ಪಟ್ಟಿ ಹಾಕು. ನಿನ್ ಹೆಂಡ್ತಿ, ಮಗಳು ಇಬ್ಬರಿಗೂ ಪರೀಕ್ಷೆ ಆಗಿದೆ, ಸೋಂಕಿಲ್ಲ. ಲಸಿಕೆನೂ ಆಗಿದೆ."

"ಬರೆದ ಮಾತ್ರಕ್ಕೆ ಭಯ ಹೋಗುತ್ತಾ?" ಟೈಲರ್ ಮುಖ ಸಿಂಡರಿಸಿದ.

"ಬರೆದ್ರಷ್ಟೇ ಸಾಲ್ದು. ಹೆದರಿ ಬಿಟ್ಟಿರೋ ಕೆಲಸದಲ್ಲಿ ದಿನಾ ಒಂದೊಂದು ಮಾಡಿ ನೋಡ್ಬೇಕು. ಇವತ್ತು ಯಾವುದು, ನೀನೇ ಹೇಳು."

ಟೈಲರ್ ಹೆಂಡತಿಯ ಸೊಂಟದ ಮೇಲಿದ್ದ ಮಗಳ ಕಡೆ ಕೈ ಚಾಚಿದ. ಮಗು ಮೊದಲು ಅಮ್ಮನ ಮುಖ ನೋಡಿತು. ಆಮೇಲೆ ಅಪ್ಪನ ಕತ್ತಿಗೆ ಜೋತುಬಿದ್ದಿತು. ಅವನಿಗೆ ಅಳು ತಡೆಯಲಾಗಲಿಲ್ಲ. "ಇವಳಿಗೋಸ್ಕರ ಆದ್ರೂ ಬದುಕ್ಬೇಕು ಅತ್ತಿಗೆ. ನಡೀರಿ, ಡಾಕ್ಟರನ್ನ ಕೇಳಿ ಇವತ್ತೇ ಮಾತ್ರೆ ಶುರು ಮಾಡೋಣ" ಎಂದ.

ನಿಮಗೂ ಈ ಸೋಂಕಿದ್ದರೆ ಮಾತ್ರೆಯನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಮನೆಯವರಿಗೆ ಪರೀಕ್ಷೆ, ಲಸಿಕೆ ಮಾಡಿಸಿ. ಎಲ್ಲ ಮುಗಿಯಿತು ಎಂದು ಮನಸ್ಸು ಹೇಳಿದರೆ ಅದರ ಮಾತನ್ನು ಹಾಗೇ ನಂಬಬೇಡಿ, ಆಸ್ಪತ್ರೆಯ ಆಪ್ತಸಮಾಲೋಚಕರ ಹತ್ತಿರ ಹೇಳಿಕೊಳ್ಳಿ. ಹೆದರಿ ಮೂಲೆ ಸೇರಬೇಡಿ, ಮನೆಯಲ್ಲಿ ನಿಮಗಾಗಿ ಕಾಯುತ್ತಿರುವವರಿದ್ದಾರೆ.