ಬೂದೆಪ್ಪನಿಗೆ ಹೊದಿಸಿದ ಶಾಲು

ಸನ್ಮಾನ ಅಂದರೆ ನನಗೆ ಮೊದಲಿಂದಲೂ ಅಷ್ಟಕ್ಕಷ್ಟೆ. ಓಣಿಯ ಮಕ್ಕಳಿಗೆ ಸಂಜೆ ಹೊತ್ತು ಪಾಠ ಹೇಳಿದ್ದಕ್ಕೆ ಹಾರ ಯಾಕೆ, ತುರಾಯಿ ಯಾಕೆ? ಆದರೆ ಅಕ್ಕಿ ಗಿರಣಿಯ ಜಂಬಣ್ಣ ಬಿಡುವ ಆಸಾಮಿಯಲ್ಲ. ನನಗೂ, ನನ್ನ ಜೊತೆ ಪಾಠ ಮಾಡುವ ಜಾಹೆದಾಳಿಗೂ ರಾಯಚೂರಿನ ದೊಡ್ಡ ಸಭಾಭವನದಲ್ಲೇ ಸನ್ಮಾನ ಆಗಬೇಕೆಂದು ಹಟ ಹಿಡಿದರು. ಆಗಲಿ ಎಂದೆ. ಫ್ಲೆಕ್ಸ್ ಹಾಕಿಸುತ್ತಾರೆಂಬುದು ಮಾತ್ರ ನನ್ನ ತಲೆಗೆ ಹೊಳೆಯಲಿಲ್ಲ. ಕೂಸಿನ ಹುಟ್ಟುಹಬ್ಬಕ್ಕೂ ಸರ್ಕಲ್‌ನಲ್ಲಿ ಫ್ಲೆಕ್ಸ್ ಕಟ್ಟುವ ಊರು ನಮ್ಮದು, ಹೊಳೆಯಬೇಕಿತ್ತು.

ಕಾರ್ಯಕ್ರಮದ ದಿನ ಬೆಳಿಗ್ಗೆ ತರಕಾರಿಗೆ ಹೊರಟವಳು ಸರ್ಕಲ್‌ನಲ್ಲಿ ಅದನ್ನು ನೋಡಿದೆ. ನಾನು, ಜಾಹೆದಾ, ಸುತ್ತ ಮಕ್ಕಳು, ಕೆಳಗೆ ಸಭಾಭವನದ ಹೆಸರು, ವೇಳೆ. ನನ್ನ ಭುಜಕ್ಕೆ ಆತು ನಿಂತ ರಾಧಾಳ ಮುಖ ಗಂಗಾಳದಷ್ಟು ದೊಡ್ಡದಾಗಿ ಕಾಣುತ್ತಿತ್ತು.

ರಾಧಾ ದೇವದುರ್ಗದ ಕಡೆಯ ಮಸರಕಲ್ಲಿನ ಹುಡುಗಿ, ಹದಿಮೂರು ವರ್ಷ. ಅವಳ ತಾಯಿ ಭೀಮವ್ವ ಬೇಸಿಗೆಯಲ್ಲಿ ಅವಳನ್ನು ಯಾರಿಗೂ ತಿಳಿಯದಂತೆ ತಂದು ನನ್ನ ಮನೆಯಲ್ಲಿ ಬಿಟ್ಟು ಹೋಗಿದ್ದಳು. ಭೀಮವ್ವನ ತಮ್ಮ ಬೂದೆಪ್ಪ, ಸೋದರಮಾವನ ಹಕ್ಕು ಎನ್ನುತ್ತಾ ಆ ಕೂಸನ್ನೇ ಮದುವೆಯಾಗಲು ನಿಂತಿದ್ದ. ನಿಶ್ಚಿತಾರ್ಥ ಮಾಡಿ, ಹಿರಿಯರು ಹತ್ತು ಮಂದಿಯ ಮುಂದೆ ಅವನಿಗೆ ಶಾಲು ಹೊದಿಸಿ ಹಾರ ಹಾಕಿಯೂ ಆಗಿತ್ತು. ಮಗಳು ಎಲ್ಲಿದ್ದಾಳೆಂದು ಭೀಮವ್ವ ಹೊಡೆತ ತಿಂದರೂ ಬಾಯಿ ಬಿಟ್ಟಿರಲಿಲ್ಲ. ಅವಳು ಮುಚ್ಚಿಟ್ಟಿದ್ದನ್ನು ನಾವು ಬೀದಿಯಲ್ಲಿ ಕಟ್ಟಿದ್ದೆವು.

ಜಂಬಣ್ಣನವರಿಗೆ ಫೋನ್ ಹಚ್ಚಿದೆ. ಇಷ್ಟೇ ಅಲ್ಲ, ನಿಮ್ಮ ತವರು ಮಾನ್ವಿಯಲ್ಲೂ, ಅತ್ತ ದೇವದುರ್ಗದ ಬಸ್ ಸ್ಟ್ಯಾಂಡಿನಲ್ಲೂ ಕಟ್ಟಿಸಿದ್ದೇನೆ ಎಂದು ಹಿಗ್ಗಿನಿಂದ ಹೇಳಿದರು. ನಾನು ಬೈದ ಬೈಗುಳವನ್ನು ಆ ಮನುಷ್ಯ ಜನ್ಮದಲ್ಲಿ ಕೇಳಿರಲಿಕ್ಕಿಲ್ಲ. ಪಾಪ, ರಾಧಾಳ ಸಂಗತಿ ಅವರಿಗೆ ನಾವು ಹೇಳಿಯೇ ಇರಲಿಲ್ಲ. ಆಗ ಹೇಳಿದೆ. ಈಗಲೇ ಬಿಚ್ಚಿಸುತ್ತೇನೆ ಎಂದರು.

ಅಷ್ಟರಲ್ಲಿ ಭೀಮವ್ವನ ಫೋನ್ ಬಂತು. "ಟೀಚರ್, ನಮ್ಮ ತಮ್ಮ ಪಟ ನೋಡ್ಯಾನ್ರಿ. ಇಬ್ಬರನ್ನ ಕರಕೊಂಡು ಜೀಪಿನಾಗ ಆ ಕಡಿ ಹೊಂಟು ತಾಸಾತು. ನನ್ನ ಕೂಸಿನ ಎಲ್ಲೆರ ಮುಚ್ಚಿಡ್ರಿ ಯವ್ವಾ," ಎಂದವಳು ಫೋನ್ ಇಟ್ಟೇಬಿಟ್ಟಳು.

ಮನೆಗೆ ಓಡಿದರೆ ರಾಧಾ ಇಲ್ಲ. ಸ್ವಾಗತ ಗೀತೆ ಹಾಡಲು ಮಕ್ಕಳನ್ನೆಲ್ಲ ಗಿರಣಿಯ ಗಾಡಿ ಆಗಲೇ ಕರೆದೊಯ್ದಿತ್ತು. ಆಟೊ ಹತ್ತಿ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದೆ. ಪೊಲೀಸರನ್ನು ಕರೆದುಕೊಂಡು ಹೊರಡುತ್ತೇವೆ, ಹುಡುಗಿಯ ಕೈ ಬಿಡಬೇಡಿ ಎಂದರು. ಆಟೊದವನು ಪ್ರತಿ ಸಿಗ್ನಲ್ಲಿಗೂ ನಿಂತ.

ಸಭಾಭವನದಲ್ಲಿ ಜನ ತುಂಬಿದ್ದರು. ರಾಧಾ ವೇದಿಕೆಯ ಪರದೆಯ ಹಿಂದೆ ಹೂ ಮುಡಿದು ಕುಳಿತಿದ್ದಳು. ಅವಳನ್ನು ಹಿಂದಿನ ಬಾಗಿಲಿನಿಂದ ದಾಟಿಸೋಣವೆಂದು ಇಣುಕಿದರೆ ಅಲ್ಲಿ ಜೀಪು, ಜೀಪಿಗೊರಗಿ ಇಬ್ಬರು ಗಂಡಸರು. ತಿರುಗಿ ಬಂದು ಪರದೆ ಸರಿಸಿದೆ. ಎರಡನೇ ಸಾಲಿನಲ್ಲಿ, ಭೀಮವ್ವ ಫೋಟೊದಲ್ಲಿ ತೋರಿಸಿದ್ದ ಬೂದೆಪ್ಪ. ಹುಡುಗಿಯೂ ನೋಡಿದಳು. "ಮಾವ ಬಂದಾನ," ಎಂದಳು. ಅವಳ ಕೈಯನ್ನು ಜಾಹೆದಾಳ ಕೈಯಲ್ಲಿಟ್ಟೆ.

ಮೈಕಿನಲ್ಲಿ ನನ್ನ ಹೆಸರು ಕೂಗಿದರು. ಹೋಗಿ ನಿಂತೆ. ಜಂಬಣ್ಣ ನನಗೆ ಶಾಲು ಹೊದಿಸಿದರು. ಬೂದೆಪ್ಪ ಎದ್ದು ಪರದೆಯ ಕಡೆ ಹೊರಟಿದ್ದ. ಪೊಲೀಸರ ಸುಳಿವಿಲ್ಲ. ಶಾಲು ತೆಗೆದು ಕೈಯಲ್ಲಿ ಹಿಡಿದೆ, ಮೈಕು ಕಿತ್ತುಕೊಂಡೆ.

"ಈ ಶಾಲು ನನಗಲ್ರಿ. ಅಕ್ಕನ ಮಗಳು ಓದಲಿ ಅಂತ ರಾಯಚೂರಿಗೆ ಬಿಟ್ಟ ಸೋದರಮಾವ ಇಲ್ಲೇ ಅದಾರ. ಬೂದೆಪ್ಪ, ಮ್ಯಾಲ ಬರ್ರಿ."

ಇಡೀ ಸಭೆ ಅವನ ಕಡೆ ತಿರುಗಿ ಚಪ್ಪಾಳೆ ತಟ್ಟಿತು. ಜಂಬಣ್ಣ ಥಟ್ಟನೆ ತಿಳಿದುಕೊಂಡು, ತಾವೇ ಕೆಳಗಿಳಿದು ಅವನ ಕೈ ಹಿಡಿದು ಕರೆತಂದರು. ಹಿರಿಯರು ಕೈ ಹಿಡಿದ ಮೇಲೆ ಕೊಸರಿಕೊಳ್ಳುವ ರೂಢಿ ನಮ್ಮಲ್ಲಿಲ್ಲ, ಹೊದಿಸಿದ ಶಾಲು ಕಿತ್ತೊಗೆಯುವ ರೂಢಿಯಂತೂ ಇಲ್ಲವೇ ಇಲ್ಲ. ಹೊದಿಸಿದೆ. ಹಾರ ಹಾಕಿದೆ. ಹದಿನೆಂಟು ತುಂಬುವವರೆಗೆ ಓದಿಸುತ್ತೇನೆಂದು ಮಂದಿಯ ಮುಂದೆ ಒಂದು ಮಾತು ಹೇಳಿರೆಂದು ಮೈಕು ಅವನ ಬಾಯಿಗೆ ಹಿಡಿದೆ.

ಅವನು ಹಾರ ಸರಿಮಾಡಿಕೊಂಡ. "ಓದಸ್ತೀನಿ," ಎಂದ. ಫೋಟೊ ತೆಗೆಯುವಾಗ ಮೈಕಿಗೆ ಕೇಳದಂತೆ ಇನ್ನೊಂದು ಮಾತು ಹೇಳಿದ: "ದಿನಾ ಸಭಾ ಇರಂಗಿಲ್ಲ, ಟೀಚರ್."

ಅಷ್ಟರಲ್ಲಿ ಬಾಗಿಲಲ್ಲಿ ಖಾಕಿ ಕಂಡಿತು. ಸಹಾಯವಾಣಿಯವರು ಬೂದೆಪ್ಪನನ್ನು ಪಕ್ಕಕ್ಕೆ ಕರೆದು ಮಾತಿಗೆ ನಿಂತರು. ಗೆದ್ದೆನಲ್ಲ ಎಂದುಕೊಂಡು ಪರದೆಯ ಹಿಂದೆ ಓಡಿದೆ.

ರಾಧಾ ಗೋಡೆಗೆ ಅಂಟಿ ಕುಳಿತಿದ್ದಳು. ಮುಡಿದ ಹೂವನ್ನು ಕಿತ್ತು ನೆಲಕ್ಕೆ ಹಾಕಿದ್ದಳು. ಎಷ್ಟು ಹೇಳಿದರೂ ಕೇಳುತ್ತಿಲ್ಲ ಎಂದು ಜಾಹೆದಾ ಅಳುತ್ತಿದ್ದಳು. ನಾನು ಕೈ ಚಾಚಿದೆ. ಹುಡುಗಿ ಹಿಂದೆ ಸರಿದಳು.

"ಶಾಲು ಹೊಚ್ಚಿದ್ರಿ, ಹಾರ ಹಾಕಿದ್ರಿ," ಎಂದಳು. "ಟೀಚರ್, ನೀವೂ ನನ್ನ ಕೊಟ್ಟುಬಿಟ್ರೇನ್ರಿ?"

ಹೊರಗೆ ಚಪ್ಪಾಳೆ ಇನ್ನೂ ನಿಂತಿರಲಿಲ್ಲ.