ಎಂಬತ್ತೆರಡು ಕಿಲೋ

ಮೂವತ್ತೊಂದು ವರ್ಷ ಬಸ್ ಡಿಪೋದಲ್ಲಿ ಸ್ಪ್ಯಾನರ್ ಹಿಡಿದವಳು ನಾನು. ಹೆಂಗಸಿಗೆ ಯಾಕಪ್ಪಾ ಈ ಕೆಲಸ ಅಂದ ಡ್ರೈವರುಗಳ ಬಸ್ಸನ್ನೂ ರಿಪೇರಿ ಮಾಡಿ ಕಳಿಸಿದ್ದೀನಿ. ಈಗ ನಿವೃತ್ತಿ. ಮನೆಯಲ್ಲಿ ನಾನೊಬ್ಬಳೇ, ಶೆಡ್ಡಿನಲ್ಲಿ ಎರಡು ಸೀಟಿನ ಹಳೇ ಸ್ಪೋರ್ಟ್ಸ್ ಕಾರು. ಇಬ್ಬರಿಗೂ ವಯಸ್ಸು ಒಂದೇ, ಕೀಲುನೋವೂ ಒಂದೇ.

ಕಾರು ನನ್ನದು, ಓಡಿಸ್ತಿದ್ದವನು ನನ್ನ ತಮ್ಮ. ಆರು ವರ್ಷದ ಹಿಂದೆ ಒಂದು ತಿರುವಿನಲ್ಲಿ ಮುಂಭಾಗ ತಿರುಚಿಕೊಂಡು ಕಾರು ಗೋಡೆಗೆ ಗುದ್ದಿತು. ಪಕ್ಕದಲ್ಲೇ ಕೂತಿದ್ದ ನನಗೇನೂ ಆಗಲಿಲ್ಲ, ಅವನ ಭುಜದ ಮೂಳೆ ಮುರಿಯಿತು. ಆಸ್ಪತ್ರೆಯ ಮಂಚದ ಪಕ್ಕ ನಿಂತು, "ನಿನಗೆ ಓಡಿಸೋಕೇ ಬರಲ್ಲ" ಅಂದೆ. ಸ್ಪ್ರಿಂಗು ಕೂರುವ ಗೂಡಿಗೆ ತುಕ್ಕು ಹಿಡಿದಿದ್ದು ನನಗೆ ಮೊದಲೇ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಊರವರ ತಪ್ಪು ಹುಡುಕಿ ಹುಡುಕಿ, ನನ್ನ ತಪ್ಪು ಒಪ್ಪೋದೇ ಮರೆತುಹೋಗಿತ್ತು.

ಅವತ್ತಿನಿಂದ ಅವನು ಈ ಹೊಸ್ತಿಲು ತುಳಿದಿಲ್ಲ. ನನಗೆ ಅವನು, ಅವನಿಗೆ ನಾನು, ಬೇರೆ ಯಾರಿದ್ದಾರೆ? ಆದರೂ ಇಬ್ಬರಿಗೂ ಮೂಗಿನ ತುದೀಲೇ ಕೋಪ.

ಈ ಸಲ ಗೂಡನ್ನು ಬೆಸೆದು ಗಟ್ಟಿ ಮಾಡಿದೆ. ಬಾನೆಟ್ಟಿನ ಕೆಳಗೆ ಎರಡು ಗೂಡುಗಳನ್ನೂ ಸೇರಿಸಿ ಹಿಡಿಯೋಕೆ ಒಂದು ಅಡ್ಡ ಸಲಾಕೆ, ತಳಕ್ಕೆ ಇನ್ನೊಂದು ತರಿಸಿದೆ. ಧೈರ್ಯ ಮಾಡಿ ಫೋನ್ ಹಚ್ಚಿದೆ. "ಕಾರು ಸರಿ ಮಾಡ್ತಿದ್ದೀನಿ. ಭಾನುವಾರ ಬಂದು ಓಡಿಸು."

"ನೋಡೋಣ" ಅಂದ. ಅಷ್ಟೇ. ಆ ಒಂದು ಮಾತು ಹಿಡ್ಕೊಂಡು ಎಂಟು ದಿನ ಕಳೆದೆ.

ಈ ಸಲಾಕೆಗಳನ್ನು ಕಾರು ಜಾಕಿನ ಮೇಲಿರುವಾಗ ಬಿಗಿದರೆ ಕೆಲಸ ಕೆಟ್ಟಂತೆ. ಕಾರು ತನ್ನ ಚಕ್ರದ ಮೇಲೆ ನಿಂತಿರಬೇಕು, ಓಡಿಸುವವರ ಭಾರ ಸೀಟಿನಲ್ಲಿರಬೇಕು. ಬಿಗಿಯೋಳು ನಾನು, ಸೀಟಿನಲ್ಲಿ ಕೂರೋಕೆ ಯಾರು ಸಿಗ್ತಾರೆ? ತಮ್ಮನ ತೂಕ ಎಂಬತ್ತೆರಡು, ಅದು ಬಾಯಿಪಾಠ. ಹತ್ತು ಕಿಲೋದ ಎಂಟು ಮರಳು ಚೀಲ, ಎರಡು ಕಿಲೋ ಬೋಲ್ಟಿನ ಡಬ್ಬ, ಸೀಟಿನಲ್ಲಿ ಪೇರಿಸಿ ಬೆಲ್ಟ್ ಹಾಕಿದೆ. "ನೆಟ್ಟಗೆ ಕೂತ್ಕೊಳ್ಳೋ ಮಹಾರಾಯ" ಅಂತ ಬೈದೆ ಕೂಡ. ಎದುರು ಮಾತಾಡದ ತಮ್ಮ ಸಿಕ್ಕಿದ್ದು ಜೀವನದಲ್ಲಿ ಅದೇ ಮೊದಲು.

ಸಲಾಕೆಯ ಒಂದು ರಂಧ್ರ ಎರಡು ಮಿಲಿಮೀಟರ್ ಆಚೆ ಇತ್ತು. ಅರದಿಂದ ಉಜ್ಜಿ ಉಜ್ಜಿ ಬೋಲ್ಟ್ ಕೂರಿಸಿದೆ. ಬಿಗಿದಾದ ಮೇಲೆ ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಟೇಪ್ ಹಿಡಿದು, ಅಳತೆಯನ್ನು ಗೋಡೆ ಮೇಲೆ ಬರೆದೆ.

ಭಾನುವಾರ ಹತ್ತೂವರೆಗೆ ಗೇಟು ಸದ್ದಾಯಿತು. ತಮ್ಮ. ದೊಗಳೆ ಕೋಟು, ಮುಖದ ತುಂಬ ಗಡ್ಡ.

"ಸೊರಗಿದ್ದೀಯ" ಅಂದೆ.

"ವಾಕಿಂಗ್ ಮಾಡ್ತೀನಕ್ಕ, ಅದಕ್ಕೆ" ಅಂತ ನಕ್ಕ.

ಚೀಲ ತೆಗೆದ ಸೀಟಿನಲ್ಲಿ ಕೂತ. ನಾನು ಮಂಡಿಯೂರಿ ಟೇಪ್ ಹಿಡಿದೆ. ಬರೆದಿಟ್ಟ ಅಳತೆಗಿಂತ ಏಳು ಮಿಲಿಮೀಟರ್ ಜಾಸ್ತಿ. ಮತ್ತೆ ಹಿಡಿದೆ, ಅಷ್ಟೇ. ಭಾರ ಕಮ್ಮಿಯಾದಷ್ಟೂ ಕಾರು ಮೇಲೇಳುತ್ತೆ. ವಾಕಿಂಗಿಗೆ ಯಾರೂ ಇಷ್ಟು ಇಳಿಯಲ್ಲ.

"ಈಗೆಷ್ಟು ತೂಕ?"

"ಐವತ್ತೊಂಬತ್ತು."

ಎರಡು ವರ್ಷದಿಂದ ಹೊಟ್ಟೆಯ ಕಾಯಿಲೆಯಂತೆ. ಒಂದು ಆಪರೇಷನ್ ಆಗಿದೆ, ಇನ್ನೊಂದು ಬಾಕಿ.

"ಆಪರೇಷನ್ ದಿನ ಜೊತೆಗೆ ಯಾರಿದ್ರು?"

"ಪಕ್ಕದ ಮಂಚದವನ ಹೆಂಡತಿ ನೀರು ಕೊಟ್ರು."

"ನನಗೊಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನನ್ನದೇ ತಪ್ಪು ಅಂತಿದ್ದೆ. ಹೊತ್ತಿಗೆ ಸರಿಯಾಗಿ ತಿನ್ನಲ್ಲ, ಅದಕ್ಕೇ ಅಂತಿದ್ದೆ."

ಹೌದು, ಅಂತಿದ್ದೆ. ಬಾನೆಟ್ ಎತ್ತಿ ಅದರ ಮರೆಗೆ ನಿಂತೆ, ಅವನಿಗೆ ನನ್ನ ಮುಖ ಕಾಣಬಾರದು ಅಂತ.

"ಅವತ್ತು ಗೂಡಿಗೆ ತುಕ್ಕು ಹಿಡಿದಿದ್ದು ನನಗೆ ಗೊತ್ತಿತ್ತು" ಅಂದೆ. "ನಿಂದೇನೂ ತಪ್ಪಿರಲಿಲ್ಲ."

"ನಂಗೂ ಗೊತ್ತಿತ್ತಕ್ಕ. ಗುದ್ದಿ ಬಾನೆಟ್ ಸೀಳಿದಾಗಲೇ ತುಕ್ಕು ಕಂಡಿತ್ತು. ನಿನ್ನ ಕಣ್ಣಿಗೆ ಅದು ಬಿದ್ದಿಲ್ಲ ಅಂದ್ರೆ ಯಾರು ನಂಬ್ತಾರೆ? ನೀನಾಗೇ ಹೇಳ್ತೀಯ ಅಂತ ಕಾಯ್ತಿದ್ದೆ."

"ಆರು ವರ್ಷಾನೂ?"

"ಒಂದು ವರ್ಷ ಕಾದೆ. ಆಮೇಲೆ ಬಿಟ್ಟುಬಿಟ್ಟೆ."

ಬಾಗಿಲು ತೆರೆದ ಸದ್ದಾಯಿತು.

"ಇಳೀಬೇಡ" ಅಂದೆ. "ನಿನ್ನ ಈಗಿನ ಭಾರಕ್ಕೆ ಮತ್ತೆ ಬಿಗೀಬೇಕು. ಸ್ವಲ್ಪ ಕೂತಿರು."

ಕೂತ. ಬೋಲ್ಟುಗಳನ್ನು ಒಂದೊಂದಾಗಿ ಸಡಿಲ ಮಾಡ್ತಾ, ಇನ್ನೊಂದು ಆಪರೇಷನ್ ಯಾವತ್ತು ಅಂತ ಕೇಳಿದೆ. ಹೇಳಿದ.